ಸೇವ್ ಒತ್ತಿದ ಕೂಡಲೇ ಕಾಣಬೇಕು: ಜಾವಾಸ್ಕ್ರಿಪ್ಟ್ ಲೈವ್ ರಿಲೋಡ್‌ಗೆ ಸಮಗ್ರ ಮಾರ್ಗದರ್ಶಿ

ಮೂರು ಹಂತಗಳ ಒಂದು ಫಾರ್ಮ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಮೊದಲ ಹಂತದಲ್ಲಿ ಹೆಸರು, ವಿಳಾಸ. ಎರಡನೆಯದರಲ್ಲಿ ಫೋನ್ ನಂಬರು, ಓಟಿಪಿ. ಮೂರನೆಯದರಲ್ಲಿ ಒಂದು ಬಟನ್ ಸ್ವಲ್ಪ ಕೆಳಗೆ ಕೂತಿದೆ. ಸರಿಮಾಡಿ ಸೇವ್ ಒತ್ತುತ್ತೀರಿ. ಪುಟ ಪೂರ್ತಿ ರಿಲೋಡ್ ಆಗಿ ಮೊದಲ ಹಂತಕ್ಕೆ ಬಂದು ನಿಲ್ಲುತ್ತದೆ. ಮತ್ತೆ ಹೆಸರು, ಮತ್ತೆ ವಿಳಾಸ, ಮತ್ತೆ ಓಟಿಪಿ. ಅಷ್ಟೆಲ್ಲ ತುಂಬಿ ಹೋಗಿ ನೋಡಿದರೆ ಬಟನ್ ಈಗ ಸ್ವಲ್ಪ ಮೇಲೆ ಹೋಗಿದೆ.

ಲೈವ್ ರಿಲೋಡ್, ಅಂದರೆ ಸೇವ್ ಒತ್ತಿದ ಕೂಡಲೇ ಬದಲಾವಣೆ ತಾನೇ ಕಾಣುವ ವ್ಯವಸ್ಥೆ, ಇದ್ದೂ ಹೀಗಾಗುತ್ತದೆ. ಯಾಕೆಂದರೆ ಆ ಹೆಸರಿನಲ್ಲಿ ನಾವು ಮೂರು ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ಕಲಸಿಬಿಟ್ಟಿದ್ದೇವೆ. ಯಾವ ಟೂಲ್ ಒಳ್ಳೆಯದು ಅಂತ ಹುಡುಕುವ ಮೊದಲು ನಿಮಗೆ ಈ ಮೂರರಲ್ಲಿ ಯಾವುದು ಬೇಕು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಮಾತು. ಕಮಾಂಡು, ಫಂಕ್ಷನ್, ಫೈಲುಗಳ ಹೆಸರನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಮಾಮೂಲಿ ಸ್ಪೆಲ್ಲಿಂಗೇ ಬಳಸಿ.

## ಮೂರು ಕೆಲಸ, ಒಂದೇ ಹೆಸರು

ಮೊದಲನೆಯದು ರಿಸ್ಟಾರ್ಟ್. ಇದು ಸರ್ವರ್ ಕಡೆಯ ಕೆಲಸ. ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಪ್ರೋಗ್ರಾಂ ಒಂದು ಸಲ ಶುರುವಾದ ಮೇಲೆ ಫೈಲನ್ನು ಮತ್ತೆ ಓದುವುದಿಲ್ಲ. ಕೋಡ್ ಬದಲಾದರೆ ಹಳೆಯ ಪ್ರೋಸೆಸ್ ನಿಲ್ಲಿಸಿ ಹೊಸದನ್ನು ಶುರು ಮಾಡಬೇಕು. ಮೆಮೊರಿಯಲ್ಲಿ ಇದ್ದದ್ದೆಲ್ಲ ಹೋಗುತ್ತದೆ.

ಎರಡನೆಯದು ರಿಲೋಡ್. ಬ್ರೌಸರಿನಲ್ಲಿ ಎಫ್5 ಒತ್ತುವ ಕೆಲಸವನ್ನು ನಿಮ್ಮ ಬದಲು ಇನ್ನೊಬ್ಬರು ಮಾಡುತ್ತಾರೆ, ಅಷ್ಟೇ. ಪುಟದ ಸ್ಟೇಟ್, ಅಂದರೆ ತುಂಬಿದ ಹೆಸರು, ತಲುಪಿದ ಹಂತ ಇಂಥದ್ದೆಲ್ಲ, ಹೋಗುತ್ತದೆ.

ಮೂರನೆಯದು ಹಾಟ್ ಮಾಡ್ಯೂಲ್ ರಿಪ್ಲೇಸ್‌ಮೆಂಟ್. ಎಲ್ಲರೂ ಎಚ್‌ಎಂಆರ್ ಅನ್ನುತ್ತಾರೆ. ಪುಟ ಹಾಗೇ ಇರುತ್ತದೆ, ಬದಲಾದ ಮಾಡ್ಯೂಲ್ (ಕೋಡಿನ ಒಂದು ಫೈಲು) ಮಾತ್ರ ಹೊಸದಾಗಿ ಬಂದು ಹಳೆಯದರ ಜಾಗದಲ್ಲಿ ಕೂರುತ್ತದೆ. ಮೇಲಿನ ಫಾರ್ಮ್‌ಗೆ ಬೇಕಾದದ್ದು ಇದು.

ಎಪಿಐ (ಬೇರೆ ಪ್ರೋಗ್ರಾಂಗಳಿಗೆ ಡೇಟಾ ಕೊಡುವ ಸರ್ವರ್ ಕೋಡ್) ಬರೆಯುತ್ತಿದ್ದರೆ ಮೊದಲನೆಯದು ಸಾಕು. ನಾಲ್ಕು ಪುಟದ ಸಾದಾ ಸೈಟಿಗೆ ಎರಡನೆಯದು ಧಾರಾಳವಾಯಿತು, ಅದಕ್ಕೆ ಎಚ್‌ಎಂಆರ್ ಹೊಂದಿಸಲು ಹೋಗುವುದು ಸುಮ್ನೆ ತಲೆನೋವು. ಲಾಗಿನ್, ಮೋಡಲ್, ಹಲವು ಹಂತದ ಫಾರ್ಮ್ ಇರುವ ಆ್ಯಪ್ ಆದರೆ ಮೂರನೆಯದಿಲ್ಲದೆ ದಿನ ಸಾಗುವುದಿಲ್ಲ.

ಮೂರರ ಒಳಗೂ ಸರಪಳಿ ಒಂದೇ. ಫೈಲ್ ಬದಲಾಯಿತು ಅಂತ ಯಾರೋ ಗಮನಿಸಬೇಕು. ಏನು ಮಾಡಬೇಕು ಅಂತ ತೀರ್ಮಾನಿಸಬೇಕು. ಆ ಸುದ್ದಿ ಬ್ರೌಸರಿಗೋ ಪ್ರೋಸೆಸ್‌ಗೋ ತಲುಪಬೇಕು. ತಲುಪಿದ ಮೇಲೆ ಅಲ್ಲಿ ಬದಲಾವಣೆ ಆಗಬೇಕು. ಗಮನಿಸು, ತೀರ್ಮಾನಿಸು, ತಿಳಿಸು, ಬದಲಿಸು. ಮುಂದೆ ಏನೇ ಕೆಟ್ಟರೂ ಈ ನಾಲ್ಕು ಕೊಂಡಿಯಲ್ಲಿ ಯಾವುದೋ ಒಂದು ಕಳಚಿರುತ್ತದೆ.

## ಸರ್ವರ್ ತಾನೇ ರಿಸ್ಟಾರ್ಟ್ ಆಗಲಿ

ಹಿಂದೆ ಇದಕ್ಕೆ ನೋಡ್‌ಮನ್ ಹಾಕಿಕೊಳ್ಳುವುದೇ ರೂಢಿಯಾಗಿತ್ತು. ರೆಮಿ ಶಾರ್ಪ್ 2010ರಲ್ಲಿ ಬರೆದ ಟೂಲ್ ಅದು. ಈಗ ನೋಡ್‌ನಲ್ಲೇ ಆ ಸೌಲಭ್ಯ ಇದೆ. 18.11ನೇ ಆವೃತ್ತಿಯಲ್ಲಿ ಪ್ರಯೋಗವಾಗಿ ಬಂತು, 22ರ ಹೊತ್ತಿಗೆ ಸ್ಥಿರವಾಯಿತು. ಟರ್ಮಿನಲ್‌ನಲ್ಲಿ ಹೀಗೆ ಕೊಡಿ:

ನೋಡ್ --ವಾಚ್ ಸರ್ವರ್.ಜೆಎಸ್

ಇದನ್ನೇ ಪ್ಯಾಕೇಜ್.ಜೇಸನ್ ಫೈಲಿನ ಸ್ಕ್ರಿಪ್ಟ್ಸ್ ಭಾಗದಲ್ಲಿ "ಡೆವ್" ಅನ್ನುವ ಹೆಸರಿನಲ್ಲಿ ಹಾಕಿಬಿಡಿ. ಆಮೇಲೆ "ಎನ್‌ಪಿಎಂ ರನ್ ಡೆವ್" ಅಂದರೆ ಸಾಕು.

ಒಂದು ವಿಷಯ ಗಮನಿಸಿ. ಈ ವಾಚ್ ನೋಡುವುದು ನೀವು ಶುರು ಮಾಡಿದ ಫೈಲನ್ನು ಮತ್ತು ಅದು ಇಂಪೋರ್ಟ್ ಮಾಡಿಕೊಂಡ ಫೈಲುಗಳನ್ನು ಮಾತ್ರ. ಟೆಂಪ್ಲೇಟ್, ಎಚ್‌ಟಿಎಂಎಲ್, ಎಸ್‌ಕ್ಯುಎಲ್ ಫೈಲುಗಳನ್ನು ಇಂಪೋರ್ಟ್ ಮಾಡುವುದಿಲ್ಲ ಅಲ್ವಾ? ಹಾಗಾಗಿ ಅವು ಬದಲಾದರೆ ಏನೂ ಆಗುವುದಿಲ್ಲ. ಬೇರೆ ಫೋಲ್ಡರ್ ನೋಡು ಅಂತ ಹೇಳಲು --ವಾಚ್-ಪಾತ್ ಅನ್ನುವ ಆಯ್ಕೆ ಇದೆ, ಆದರೆ ನೋಡ್ 22ರ ದಾಖಲೆ ಪ್ರಕಾರ ಅದು ಮ್ಯಾಕ್ ಮತ್ತು ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಇಂಥದ್ದು ಬೇಕಾದಾಗ ನೋಡ್‌ಮನ್ ಇವತ್ತಿಗೂ ಸಲೀಸು. --ಎಕ್ಸ್‌ಟ್ ಕೊಟ್ಟು ಯಾವ ಯಾವ ನಮೂನೆಯ ಫೈಲು ನೋಡಬೇಕು ಅಂತ ಹೇಳಬಹುದು, --ಇಗ್ನೋರ್ ಕೊಟ್ಟು ಕೆಲವನ್ನು ಬಿಡಿಸಬಹುದು. ಅದು ಓಡುತ್ತಿರುವಾಗ ಆರ್‌ಎಸ್ ಅಂತ ಎರಡಕ್ಷರ ಟೈಪ್ ಮಾಡಿ ಎಂಟರ್ ಒತ್ತಿದರೆ ತಕ್ಷಣ ರಿಸ್ಟಾರ್ಟ್.

ಇಗ್ನೋರ್ ಯಾಕೆ ಬೇಕು ಅಂದರೆ, ನಿಮ್ಮ ಸರ್ವರ್ ಶುರುವಾದಾಗಲೆಲ್ಲ ಡೇಟಾ ಫೋಲ್ಡರಿನಲ್ಲಿ ಒಂದು ಜೇಸನ್ ಫೈಲು ಬರೆಯುತ್ತದೆ ಅಂದುಕೊಳ್ಳಿ. ನೋಡ್‌ಮನ್ ತಾನಾಗಿಯೇ ಜೇಸನ್ ಫೈಲುಗಳನ್ನೂ ಗಮನಿಸುತ್ತದೆ. ಫೈಲ್ ಬದಲಾಯಿತು, ರಿಸ್ಟಾರ್ಟ್. ಶುರುವಾಯಿತು, ಫೈಲ್ ಬರೆಯಿತು, ಮತ್ತೆ ರಿಸ್ಟಾರ್ಟ್. ಟರ್ಮಿನಲ್ ಸುಮ್ಮನೆ ಓಡುತ್ತಲೇ ಇರುತ್ತದೆ. ಪ್ರೋಗ್ರಾಂ ತಾನೇ ಬರೆಯುವ ಫೋಲ್ಡರನ್ನು ಗಮನಿಸುವ ಪಟ್ಟಿಯಿಂದ ತೆಗೆದುಬಿಡಿ.

ಇನ್ನೊಂದು ಮಾಮೂಲಿ ಕಾಟ "ಅಡ್ರೆಸ್ ಈಗಾಗಲೇ ಬಳಕೆಯಲ್ಲಿದೆ" ಅನ್ನುವ ಎರರ್. ಹಳೆಯ ಪ್ರೋಸೆಸ್ ಪೋರ್ಟ್ ಬಿಟ್ಟುಕೊಡುವ ಮೊದಲೇ ಹೊಸದು ಅದೇ ಪೋರ್ಟ್ ಕೇಳಿದಾಗ ಬರುತ್ತದೆ. ಸಾಮಾನ್ಯವಾಗಿ ಬೇರೆ ಟರ್ಮಿನಲ್ ಟ್ಯಾಬಿನಲ್ಲಿ ನೀವೇ ಮರೆತ ಇನ್ನೊಂದು ಸರ್ವರ್ ಓಡುತ್ತಿರುತ್ತದೆ. ಮೊದಲು ಅದನ್ನು ನೋಡಿ.

ಮೆಮೊರಿಯಲ್ಲಿ ಇಟ್ಟ ಸೆಷನ್ ರಿಸ್ಟಾರ್ಟ್ ಆದಾಗಲೆಲ್ಲ ಅಳಿಸಿಹೋಗಿ ಮತ್ತೆ ಮತ್ತೆ ಲಾಗಿನ್ ಕೇಳುತ್ತಿದ್ದರೆ, ಡೆವಲಪ್‌ಮೆಂಟ್‌ನಲ್ಲಿ ಸೆಷನ್ನನ್ನು ಎಸ್‌ಕ್ಯುಲೈಟ್ ಫೈಲಿಗೆ ಬರೆಸಿ. ಟೈಪ್‌ಸ್ಕ್ರಿಪ್ಟ್ ಬಳಸುವವರು ಟಿಎಸ್‌ಎಕ್ಸ್ ಅನ್ನುವ ಪ್ಯಾಕೇಜಿನ ವಾಚ್ ಕಮಾಂಡ್ ಬಳಸಬಹುದು, ಕೆಲಸ ಇದೇ.

## ಕೈಯಾರೆ ಒಂದು ಲೈವ್ ರಿಲೋಡ್ ಕಟ್ಟೋಣ

ರೆಡಿಮೇಡ್ ಟೂಲುಗಳು ಬೇಕಾದಷ್ಟಿವೆ. ವಿಎಸ್ ಕೋಡ್‌ನ ಲೈವ್ ಸರ್ವರ್ ಎಕ್ಸ್‌ಟೆನ್ಷನ್ 5500ನೇ ಪೋರ್ಟಿನಲ್ಲಿ ಎದ್ದು ನಿಲ್ಲುತ್ತದೆ. ಬ್ರೌಸರ್‌ಸಿಂಕ್ ಒಂದು ಕಡೆ ಸ್ಕ್ರೋಲ್ ಮಾಡಿದರೆ ಪಕ್ಕದ ಫೋನಿನಲ್ಲೂ ಸ್ಕ್ರೋಲ್ ಮಾಡಿಸುತ್ತದೆ. ಆದರೂ ಒಂದು ಸಲ ಕೈಯಾರೆ ಕಟ್ಟಿ ನೋಡಿ ಅಂತಲೇ ನನ್ನ ಸಲಹೆ. ನೂರು ಸಾಲಿನೊಳಗೆ ಮುಗಿಯುತ್ತದೆ, ಒಂದೇ ಒಂದು ಪ್ಯಾಕೇಜೂ ಬೇಡ. ಆ ನಾಲ್ಕು ಕೊಂಡಿಗಳು ಆಮೇಲೆ ಯಾವ ಟೂಲಿನಲ್ಲೂ ಕಣ್ಣಿಗೆ ಕಾಣುತ್ತವೆ.

ಒಂದು ಫೋಲ್ಡರ್ ಮಾಡಿ. ಒಳಗೆ ಸರ್ವರ್.ಜೆಎಸ್, ಮತ್ತು ಪಬ್ಲಿಕ್ ಅನ್ನುವ ಉಪಫೋಲ್ಡರ್. ಪಬ್ಲಿಕ್ ಒಳಗೆ ಒಂದು ಎಚ್‌ಟಿಎಂಎಲ್, ಒಂದು ಸಿಎಸ್‌ಎಸ್, ಒಂದು ಜೆಎಸ್ ಫೈಲು.

ಮೊದಲ ಹೆಜ್ಜೆ, ಸರ್ವರ್. ನೋಡ್‌ನ ಎಚ್‌ಟಿಟಿಪಿ ಮಾಡ್ಯೂಲಿನಿಂದ ಒಂದು ಸರ್ವರ್ ಮಾಡಿ, ಕೇಳಿದ ಫೈಲನ್ನು ಪಬ್ಲಿಕ್ ಫೋಲ್ಡರಿನಿಂದ ಓದಿ ಕೊಡಲಿ. ಉತ್ತರದ ಹೆಡರಿನಲ್ಲಿ ಕ್ಯಾಶ್-ಕಂಟ್ರೋಲ್‌ಗೆ ನೋ-ಸ್ಟೋರ್ ಅಂತ ಹಾಕಿ. ಇದನ್ನು ಮರೆತರೆ ರಿಲೋಡ್ ಆದಮೇಲೂ ಬ್ರೌಸರ್ ಹಳೆಯ ಫೈಲನ್ನೇ ತೋರಿಸಬಹುದು, ನೀವು ನಿಮ್ಮ ಕೋಡನ್ನು ಅನುಮಾನಿಸುತ್ತಾ ಕೂರುತ್ತೀರಿ. ಎಚ್‌ಟಿಎಂಎಲ್ ಹೆಡರಿನಲ್ಲಿ ಯುಟಿಎಫ್-8 ಅಂತ ಹೇಳುವುದನ್ನೂ ಮರೆಯಬೇಡಿ, ಇಲ್ಲವಾದರೆ ಪುಟದಲ್ಲಿನ ಕನ್ನಡ ಅಕ್ಷರಗಳು ಚಿತ್ರವಿಚಿತ್ರವಾಗಿ ಕಾಣುತ್ತವೆ. ಲಿಸನ್ ಮಾಡುವಾಗ 127.0.0.1 ಅಂತಲೇ ಕೊಡಿ. ಆಫೀಸಿನ ವೈಫೈಯಲ್ಲಿ ಇರುವವರೆಲ್ಲ ನಿಮ್ಮ ಫೋಲ್ಡರ್ ನೋಡುವುದು ಬೇಡ. ಕೇಳಿದ ಪಾತ್‌ನಲ್ಲಿ ಎರಡು ಚುಕ್ಕಿ ಸೇರಿಸಿ ಪಬ್ಲಿಕ್‌ನಿಂದ ಹೊರಗೆ ಹೋಗುವುದನ್ನೂ ತಡೆಯಿರಿ.

ಎರಡನೇ ಹೆಜ್ಜೆ, ತಿಳಿಸುವ ದಾರಿ. ಇದಕ್ಕೆ ವೆಬ್‌ಸಾಕೆಟ್ (ಎರಡೂ ಕಡೆಯಿಂದ ಸಂದೇಶ ಹೋಗುವ ಕನೆಕ್ಷನ್) ಬೇಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಬೇಡ. ಸುದ್ದಿ ಹೋಗಬೇಕಾದದ್ದು ಸರ್ವರಿನಿಂದ ಬ್ರೌಸರಿಗೆ ಮಾತ್ರ. ಅದಕ್ಕೆ ಸರ್ವರ್-ಸೆಂಟ್ ಇವೆಂಟ್ಸ್ ಸಾಕು. "/ರಿಲೋಡ್" ಅನ್ನುವ ವಿಳಾಸಕ್ಕೆ ಯಾರಾದರೂ ಬಂದರೆ ಕಂಟೆಂಟ್-ಟೈಪ್ ಆಗಿ ಟೆಕ್ಸ್ಟ್/ಇವೆಂಟ್-ಸ್ಟ್ರೀಮ್ ಕೊಟ್ಟು, ಉತ್ತರವನ್ನು ಮುಗಿಸದೆ ಹಾಗೇ ತೆರೆದಿಡಿ. ಆ ರೆಸ್ಪಾನ್ಸ್ ಆಬ್ಜೆಕ್ಟನ್ನು ಒಂದು ಸೆಟ್‌ಗೆ ಸೇರಿಸಿ. ಕನೆಕ್ಷನ್ ಮುಚ್ಚಿದಾಗ ಸೆಟ್‌ನಿಂದ ತೆಗೆಯಿರಿ. ಮೊದಲ ಸಾಲಾಗಿ "ರಿಟ್ರೈ: 300" ಅಂತ ಬರೆದು ಒಂದು ಖಾಲಿ ಸಾಲು ಬಿಡಿ. ಕನೆಕ್ಷನ್ ಕಡಿದರೆ 300 ಮಿಲಿಸೆಕೆಂಡಿಗೆ ಮತ್ತೆ ಪ್ರಯತ್ನಿಸು ಅಂತ ಬ್ರೌಸರಿಗೆ ಹೇಳಿದ ಹಾಗೆ. ಇದರ ಬೆಲೆ ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಮೂರನೇ ಹೆಜ್ಜೆ, ಗಮನಿಸುವುದು. ಎಫ್‌ಎಸ್.ವಾಚ್ ಫಂಕ್ಷನ್ನಿಗೆ ಪಬ್ಲಿಕ್ ಫೋಲ್ಡರ್ ಕೊಡಿ, ಜೊತೆಗೆ ರಿಕರ್ಸಿವ್ ಆಯ್ಕೆಯನ್ನು ಟ್ರೂ ಮಾಡಿ. ಲಿನಕ್ಸ್‌ನಲ್ಲಿ ಈ ರಿಕರ್ಸಿವ್ ಬಂದದ್ದು ನೋಡ್ 19.1ರಲ್ಲಿ, ತೀರಾ ಹಳೆಯ ನೋಡ್ ಇದ್ದರೆ ಅಪ್‌ಡೇಟ್ ಮಾಡಿಕೊಳ್ಳಿ. ಫೈಲಿನ ಬದಲು ಫೋಲ್ಡರನ್ನೇ ಗಮನಿಸಿ ಅನ್ನುವುದಕ್ಕೆ ಕಾರಣ ಇದೆ. ಕೆಲವು ಎಡಿಟರುಗಳು ಸೇವ್ ಮಾಡುವಾಗ ಹಳೆಯ ಫೈಲಿಗೆ ಬರೆಯುವುದಿಲ್ಲ. ಹೊಸ ಫೈಲೊಂದನ್ನು ಬರೆದು, ಅದಕ್ಕೆ ಹಳೆಯ ಹೆಸರು ಇಡುತ್ತವೆ. ವಿಮ್ ಹೀಗೆ ಮಾಡುವುದುಂಟು, ವೆಬ್‌ಸ್ಟಾರ್ಮ್‌ನ ಸೇಫ್ ರೈಟ್ ಕೂಡ ಹೀಗೆಯೇ. ಬರೀ ಫೈಲನ್ನು ಗಮನಿಸುತ್ತಿದ್ದರೆ ಮೊದಲ ಸೇವ್ ಕಾಣುತ್ತದೆ, ಆಮೇಲಿನವು ಕಾಣುವುದಿಲ್ಲ.

ನಾಲ್ಕನೇ ಹೆಜ್ಜೆಗೆ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು. ವಾಚ್ ಕಾಲ್‌ಬ್ಯಾಕ್‌ನಲ್ಲಿ ಒಂದು ಕನ್ಸೋಲ್.ಲಾಗ್ ಹಾಕಿ ಸೇವ್ ಮಾಡಿ ನೋಡಿ. ಒಂದು ಸೇವ್‌ಗೆ ಎರಡು ಮೂರು ಸಲ ಬರುತ್ತದೆ. ಪ್ರತಿ ಸಲವೂ ರಿಲೋಡ್ ಕಳಿಸಿದರೆ ಪುಟ ಮಿನುಗುತ್ತದೆ, ಅರ್ಧ ಬರೆದ ಫೈಲನ್ನು ಬ್ರೌಸರ್ ಓದಿಬಿಡುವ ಸಾಧ್ಯತೆಯೂ ಇದೆ. ಹಾಗಾಗಿ ಡಿಬೌನ್ಸ್ ಮಾಡಬೇಕು. ಸುದ್ದಿ ಬಂದ ಕೂಡಲೇ ಹಳೆಯ ಟೈಮರ್ ರದ್ದು ಮಾಡಿ 80 ಮಿಲಿಸೆಕೆಂಡಿನ ಹೊಸ ಟೈಮರ್ ಇಡಿ. ಅಷ್ಟು ಹೊತ್ತು ಬೇರೇನೂ ಬರದಿದ್ದರೆ ಮಾತ್ರ ಮುಂದಕ್ಕೆ ಕಳಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲ ಫೈಲುಗಳನ್ನು ಒಟ್ಟಿಗೆ ಸೇವ್ ಮಾಡಿದಿರಿ, ಮೊದಲು ಎಚ್‌ಟಿಎಂಎಲ್ ಹೆಸರು ಬಂತು, ಕೊನೆಗೆ ಸಿಎಸ್‌ಎಸ್ ಹೆಸರು ಬಂತು. ಕೊನೆಯ ಹೆಸರು ಮಾತ್ರ ಇಟ್ಟುಕೊಂಡರೆ ಬರೀ ಸಿಎಸ್‌ಎಸ್ ಬದಲಾಗಿದೆ ಅಂತ ತಪ್ಪು ತೀರ್ಮಾನ ಆಗುತ್ತದೆ. ಬಂದ ಹೆಸರುಗಳನ್ನೆಲ್ಲ ಒಂದು ಸೆಟ್‌ನಲ್ಲಿ ಕೂಡಿಡಿ. ಟೈಮರ್ ಮುಗಿದಾಗ ನೋಡಿ: ಎಲ್ಲವೂ ಸಿಎಸ್‌ಎಸ್ ಆದರೆ "ಸಿಎಸ್‌ಎಸ್" ಅನ್ನುವ ಸುದ್ದಿ, ಬೇರೆ ಏನೇ ಇದ್ದರೂ "ಪೂರ್ತಿ" ಅನ್ನುವ ಸುದ್ದಿ. ಕೆಲವೊಮ್ಮೆ ಫೈಲಿನ ಹೆಸರು ಬರದೆ ನಲ್ ಬರುತ್ತದೆ. ಆಗಲೂ "ಪೂರ್ತಿ". ಸುದ್ದಿ ಕಳಿಸುವುದು ಸುಲಭ: ಸೆಟ್‌ನಲ್ಲಿರುವ ಪ್ರತಿ ರೆಸ್ಪಾನ್ಸ್‌ಗೂ "ಡೇಟಾ: " ಅಂತ ಶುರುವಾಗುವ ಸಾಲು ಬರೆದು ಎರಡು ಹೊಸಸಾಲು ಹಾಕಿ. ಎರಡನೇ ಹೊಸಸಾಲು ಬಿಟ್ಟರೆ ಬ್ರೌಸರ್ ಇನ್ನೂ ಏನೋ ಬರಲಿಕ್ಕಿದೆ ಅಂತ ಕಾಯುತ್ತಾ ಕೂರುತ್ತದೆ, ಎರರ್ ಕೂಡ ಕೊಡುವುದಿಲ್ಲ.

ಐದನೇ ಹೆಜ್ಜೆ ಬ್ರೌಸರಿನದು. ಎಚ್‌ಟಿಎಂಎಲ್ ಕಳಿಸುವ ಮುನ್ನ ಬಾಡಿ ಮುಚ್ಚುವ ಟ್ಯಾಗಿನ ಹಿಂದೆ ಒಂದು ಚಿಕ್ಕ ಸ್ಕ್ರಿಪ್ಟ್ ಸೇರಿಸಿ. ಫೈಲಿಗೆ ಕೈಹಚ್ಚಬೇಡಿ, ಸರ್ವರ್ ಕಳಿಸುವಾಗ ಸೇರಿಸಲಿ. ನೋಡ್_ಎನ್ವ್ (ಪ್ರೋಗ್ರಾಂ ಎಲ್ಲಿ ಓಡುತ್ತಿದೆ ಅಂತ ಹೇಳುವ ವೇರಿಯೇಬಲ್) ಪ್ರೊಡಕ್ಷನ್, ಅಂದರೆ ಬಳಕೆದಾರರಿಗೆ ಕೊಡುವ ರೂಪ, ಆಗಿದ್ದರೆ ಸೇರಿಸಲೇಬಾರದು. ಆ ಸ್ಕ್ರಿಪ್ಟ್ "/ರಿಲೋಡ್"ಗೆ ಇವೆಂಟ್‌ಸೋರ್ಸ್ ತೆರೆಯುತ್ತದೆ. "ಪೂರ್ತಿ" ಅಂತ ಬಂದರೆ ಲೊಕೇಷನ್.ರಿಲೋಡ್. "ಸಿಎಸ್‌ಎಸ್" ಅಂತ ಬಂದರೆ ಪುಟದಲ್ಲಿರುವ ಪ್ರತಿ ಸ್ಟೈಲ್‌ಶೀಟ್ ಲಿಂಕಿನ ನಕಲು ಮಾಡಿ, ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಈಗಿನ ಸಮಯ ಸೇರಿಸಿ, ಹಳೆಯದರ ಪಕ್ಕದಲ್ಲಿ ಇಡಿ. ಹೊಸದು ಲೋಡ್ ಆದ ಮೇಲೆ ಹಳೆಯದನ್ನು ತೆಗೆಯಿರಿ. ಮೊದಲೇ ತೆಗೆದರೆ ಒಂದು ಕ್ಷಣ ಪುಟ ಸ್ಟೈಲ್ ಇಲ್ಲದೆ ಬೋಳಾಗಿ ಕಾಣುತ್ತದೆ.

ಈಗ ಆ ರಿಟ್ರೈ ಸಂಗತಿ. ಸರ್ವರನ್ನು --ವಾಚ್ ಹಾಕಿ ಓಡಿಸಿ. ಸರ್ವರ್.ಜೆಎಸ್ ಬದಲಿಸಿದರೆ ಪ್ರೋಸೆಸ್ ರಿಸ್ಟಾರ್ಟ್ ಆಗುತ್ತದೆ, ಇವೆಂಟ್‌ಸೋರ್ಸ್ ಕಡಿಯುತ್ತದೆ, 300 ಮಿಲಿಸೆಕೆಂಡಿಗೆ ಅದೇ ಮತ್ತೆ ಸೇರಿಕೊಳ್ಳುತ್ತದೆ. ಸ್ಕ್ರಿಪ್ಟಿನಲ್ಲಿ "ಓಪನ್" ಇವೆಂಟ್ ಎರಡನೇ ಸಲ ಬಂದರೆ ಪುಟ ರಿಲೋಡ್ ಮಾಡು ಅಂತ ಒಂದು ಸಾಲು ಸೇರಿಸಿ. ಮುಗಿಯಿತು. ಸರ್ವರ್ ಕೋಡ್ ಬದಲಾದರೂ ಪುಟ ತಾನೇ ಹೊಸದಾಗುತ್ತದೆ. ರಿಸ್ಟಾರ್ಟ್ ಮತ್ತು ರಿಲೋಡ್ ಎರಡೂ ಒಂದಕ್ಕೊಂದು ಗೊತ್ತಿಲ್ಲದೆಯೇ ಕೈಜೋಡಿಸಿದವು. ಇದು ನನಗೆ ಈ ಇಡೀ ಕಟ್ಟಡದಲ್ಲಿ ತುಂಬ ಇಷ್ಟವಾದ ಜಾಗ.

ಇಷ್ಟಾದ ಮೇಲೆ ಎರಡು ಎಚ್ಚರಿಕೆ. ನೀವು ಸಿಗ್‌ಟರ್ಮ್ (ಪ್ರೋಸೆಸ್ ನಿಲ್ಲಿಸು ಅನ್ನುವ ಸಂಕೇತ) ಹಿಡಿದು ಸರ್ವರ್.ಕ್ಲೋಸ್ ಕರೆಯುತ್ತಿದ್ದರೆ ರಿಸ್ಟಾರ್ಟ್ ನಿಂತುಬಿಡುತ್ತದೆ. ಕ್ಲೋಸ್ ಅನ್ನುವುದು ಇರುವ ಕನೆಕ್ಷನ್ನುಗಳು ಮುಗಿಯಲಿ ಅಂತ ಕಾಯುತ್ತದೆ, ನಮ್ಮ ಇವೆಂಟ್ ಸ್ಟ್ರೀಮ್ ಮುಗಿಯುವುದೇ ಇಲ್ಲ. ಕ್ಲೋಸ್‌ಆಲ್‌ಕನೆಕ್ಷನ್ಸ್ ಕೂಡ ಕರೆಯಿರಿ. ಎರಡನೆಯದು, ಎಚ್‌ಟಿಟಿಪಿ 1.1ರಲ್ಲಿ ಬ್ರೌಸರುಗಳು ಒಂದು ವಿಳಾಸಕ್ಕೆ 6 ಕನೆಕ್ಷನ್ ಮಾತ್ರ ಕೊಡುತ್ತವೆ. ಪುಟವನ್ನು ಆರು ಟ್ಯಾಬಿನಲ್ಲಿ ತೆರೆದರೆ ಆರೂ ಸ್ಟ್ರೀಮಿಗೇ ಖರ್ಚು. ಏಳನೇ ಟ್ಯಾಬ್ ಸುತ್ತುತ್ತಾ ಕೂರುತ್ತದೆ. ಸರ್ವರ್ ಸತ್ತಿದೆ ಅಂದುಕೊಳ್ಳುವ ಮೊದಲು ಹಳೆಯ ಟ್ಯಾಬ್ ಮುಚ್ಚಿ ನೋಡಿ.

## ವೀಟ್ ಜೊತೆ ಎಚ್‌ಎಂಆರ್

ಇನ್ನು ಫಾರ್ಮ್‌ನ ಕಥೆಗೆ ಬರೋಣ. ವೆಬ್‌ಪ್ಯಾಕ್ (ಕೋಡ್ ಫೈಲುಗಳನ್ನು ಒಟ್ಟುಗೂಡಿಸುವ ಟೂಲ್) ಕಾಲದಿಂದಲೂ ಎಚ್‌ಎಂಆರ್ ಇತ್ತು, ಆದರೆ ಹೊಂದಿಸುವುದೇ ಒಂದು ದಿನದ ಕೆಲಸವಾಗಿತ್ತು. ವ್ಯೂ ಅನ್ನುವ ಫ್ರೇಮ್‌ವರ್ಕ್ ಮಾಡಿದ ಇವಾನ್ ಯೂ 2020ರಲ್ಲಿ ವೀಟ್ ಅನ್ನುವ ಟೂಲ್ ತಂದರು. ಅದು ಡೆವಲಪ್‌ಮೆಂಟ್‌ನಲ್ಲಿ ನಿಮ್ಮ ಕೋಡನ್ನು ಒಂದೇ ದೊಡ್ಡ ಫೈಲಾಗಿ ಕಟ್ಟುವುದಿಲ್ಲ. ಬ್ರೌಸರ್ ಕೇಳಿದ ಮಾಡ್ಯೂಲನ್ನು ಆಗಿಂದಾಗ ಕೊಡುತ್ತದೆ. ಒಂದು ಫೈಲು ಬದಲಾದರೆ ಆ ಒಂದನ್ನೇ ಮತ್ತೆ ಕೊಟ್ಟರಾಯಿತು.

"ಎನ್‌ಪಿಎಂ ಕ್ರಿಯೇಟ್ ವೀಟ್@ಲೇಟೆಸ್ಟ್" ಅನ್ನಿ, ಹೆಸರು ಕೊಡಿ, ರಿಯಾಕ್ಟ್ (ಪುಟವನ್ನು ಕಾಂಪೊನೆಂಟ್ ಅನ್ನುವ ತುಂಡುಗಳಾಗಿ ಕಟ್ಟುವ ಲೈಬ್ರರಿ) ಅಥವಾ ವೆನಿಲಾ (ಸಾದಾ ಜಾವಾಸ್ಕ್ರಿಪ್ಟ್) ಆರಿಸಿ. ಆ ಫೋಲ್ಡರಿಗೆ ಹೋಗಿ "ಎನ್‌ಪಿಎಂ ಇನ್‌ಸ್ಟಾಲ್", "ಎನ್‌ಪಿಎಂ ರನ್ ಡೆವ್". ಲೋಕಲ್‌ಹೋಸ್ಟ್ 5173ರಲ್ಲಿ ಪುಟ ತೆರೆಯುತ್ತದೆ. ಇಷ್ಟಕ್ಕೇ ಎಚ್‌ಎಂಆರ್ ಬಂದಾಯಿತು.

ಒಳಗೆ ಏನಾಗುತ್ತಿದೆ ಅಂತ ಒಮ್ಮೆ ಕಣ್ಣಾರೆ ನೋಡಿ. ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ರಿಲೋಡ್ ಮಾಡಿ, ವೆಬ್‌ಸಾಕೆಟ್ ಸಾಲನ್ನು ಆರಿಸಿ, ಮೆಸೇಜಸ್ ಭಾಗಕ್ಕೆ ಹೋಗಿ. ಮೊದಲು "ಕನೆಕ್ಟೆಡ್" ಅಂತ ಒಂದು ಸಂದೇಶ ಇರುತ್ತದೆ. ಈಗ ಯಾವುದಾದರೂ ಕಾಂಪೊನೆಂಟ್ ಬದಲಿಸಿ ಸೇವ್ ಮಾಡಿ. "ಅಪ್‌ಡೇಟ್" ಅನ್ನುವ ಹೊಸ ಸಂದೇಶ ಬರುತ್ತದೆ, ಒಳಗೆ ಫೈಲಿನ ದಾರಿ ಮತ್ತು ಒಂದು ಟೈಮ್‌ಸ್ಟ್ಯಾಂಪ್. ಅದರ ಬೆನ್ನಿಗೇ ಬ್ರೌಸರ್ ಅದೇ ಫೈಲನ್ನು ಆ ಟೈಮ್‌ಸ್ಟ್ಯಾಂಪ್ ಸೇರಿಸಿ ಮತ್ತೆ ಕೇಳುತ್ತದೆ. ನಾವು ಸಿಎಸ್‌ಎಸ್‌ಗೆ ಮಾಡಿದ ಉಪಾಯವೇ ಇದು. ಬ್ರೌಸರ್ ಒಂದು ವಿಳಾಸದ ಮಾಡ್ಯೂಲನ್ನು ಒಂದೇ ಸಲ ಓಡಿಸುತ್ತದೆ, ವಿಳಾಸ ಬದಲಾದರೆ ಹೊಸದು ಅಂತ ನಂಬಿ ಮತ್ತೆ ಓಡಿಸುತ್ತದೆ.

ಹೊಸ ಮಾಡ್ಯೂಲ್ ಬಂತು ಸರಿ, ಅದನ್ನು ಸ್ವೀಕರಿಸುವವರು ಯಾರು? ಎಚ್‌ಎಂಆರ್‌ನ ತಿರುಳು ಈ ಪ್ರಶ್ನೆಯಲ್ಲಿದೆ. ಬದಲಾದ ಫೈಲಿನಿಂದ ಶುರುಮಾಡಿ, ಅದನ್ನು ಇಂಪೋರ್ಟ್ ಮಾಡಿಕೊಂಡವರು, ಅವರನ್ನು ಇಂಪೋರ್ಟ್ ಮಾಡಿಕೊಂಡವರು ಅಂತ ವೀಟ್ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ದಾರಿಯಲ್ಲಿ ಯಾರಾದರೂ "ಈ ಬದಲಾವಣೆ ನಾನು ನೋಡಿಕೊಳ್ಳುತ್ತೇನೆ" ಅಂದರೆ ಅಲ್ಲಿಗೆ ನಿಲ್ಲುತ್ತದೆ. ಯಾರೂ ಅನ್ನದೆ ತುದಿ ಮುಟ್ಟಿದರೆ ಪುಟ ಪೂರ್ತಿ ರಿಲೋಡ್. ಟರ್ಮಿನಲ್ ನೋಡಿದರೆ ಯಾವುದಾಯಿತು ಅಂತ ಗೊತ್ತಾಗುತ್ತದೆ: "ಎಚ್‌ಎಂಆರ್ ಅಪ್‌ಡೇಟ್" ಅಥವಾ "ಪೇಜ್ ರಿಲೋಡ್".

ಫ್ರೇಮ್‌ವರ್ಕ್ ಇಲ್ಲದ ಸಾದಾ ಜಾವಾಸ್ಕ್ರಿಪ್ಟ್‌ನಲ್ಲಿ ಆ ಮಾತನ್ನು ನೀವೇ ಬರೆಯಬೇಕು. ಒಂದು ಚಿಕ್ಕ ಟೈಮರ್ ಮಾಡ್ಯೂಲ್ ತೆಗೆದುಕೊಳ್ಳಿ. ಸೆಟ್‌ಇಂಟರ್ವಲ್ ಹಾಕಿ ಪ್ರತಿ ಸೆಕೆಂಡಿಗೆ ಒಂದು ಸಂಖ್ಯೆ ಹೆಚ್ಚಿಸಿ ಪುಟದಲ್ಲಿ ತೋರಿಸುತ್ತದೆ. ಫೈಲಿನ ಕೊನೆಗೆ, ಇಂಪೋರ್ಟ್.ಮೆಟಾ.ಹಾಟ್ ಇದ್ದರೆ ಅನ್ನುವ ಇಫ್ ಒಳಗೆ, ಇಂಪೋರ್ಟ್.ಮೆಟಾ.ಹಾಟ್.ಆ್ಯಕ್ಸೆಪ್ಟ್ ಕರೆಯಿರಿ. ಇದನ್ನು ವೇರಿಯೇಬಲಿನಲ್ಲಿ ಇಟ್ಟುಕೊಂಡು ಚಿಕ್ಕದಾಗಿ ಬರೆಯಲು ಹೋಗಬೇಡಿ. ವೀಟ್ ಕೋಡನ್ನು ಓಡಿಸದೆ ಅಕ್ಷರಗಳನ್ನೇ ಓದಿ ಹುಡುಕುತ್ತದೆ, ಪೂರ್ತಿ ಹೆಸರೇ ಇರಬೇಕು. ಇಫ್ ಇರುವುದರಿಂದ ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಈ ಭಾಗ ಉದುರಿಹೋಗುತ್ತದೆ.

ಈಗ ಐದಾರು ಸಲ ಸೇವ್ ಮಾಡಿ. ಸಂಖ್ಯೆ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಹೊಸ ಮಾಡ್ಯೂಲ್ ಬಂದಾಗಲೆಲ್ಲ ಹೊಸ ಇಂಟರ್ವಲ್ ಶುರುವಾಯಿತು, ಹಳೆಯವನ್ನು ನಿಲ್ಲಿಸಿದವರು ಯಾರೂ ಇಲ್ಲ. ಅದಕ್ಕೇ ಡಿಸ್ಪೋಸ್. ಇಂಪೋರ್ಟ್.ಮೆಟಾ.ಹಾಟ್.ಡಿಸ್ಪೋಸ್‌ಗೆ ಒಂದು ಫಂಕ್ಷನ್ ಕೊಡಿ. ಹಳೆಯ ಮಾಡ್ಯೂಲ್ ಹೋಗುವ ಮುನ್ನ ಅದು ಓಡುತ್ತದೆ. ಅಲ್ಲಿ ಕ್ಲಿಯರ್‌ಇಂಟರ್ವಲ್ ಮಾಡಿ, ಈಗಿನ ಸಂಖ್ಯೆಯನ್ನು ಫಂಕ್ಷನ್ನಿಗೆ ಬಂದ ಡೇಟಾ ಆಬ್ಜೆಕ್ಟಿನಲ್ಲಿ ಬರೆದಿಡಿ. ಹೊಸ ಮಾಡ್ಯೂಲ್ ಶುರುವಾಗುವಾಗ ಇಂಪೋರ್ಟ್.ಮೆಟಾ.ಹಾಟ್.ಡೇಟಾದಲ್ಲಿ ಅದು ಇದೆಯಾ ನೋಡಿ, ಇದ್ದರೆ ಅಲ್ಲಿಂದ ಮುಂದುವರಿಸಿ, ಇಲ್ಲದಿದ್ದರೆ ಸೊನ್ನೆಯಿಂದ. ಡೇಟಾ ಆಬ್ಜೆಕ್ಟಿನ ಒಳಗೆ ಬರೆಯಿರಿ, ಆಬ್ಜೆಕ್ಟನ್ನೇ ಬದಲಿಸಬೇಡಿ. ಇವೆಂಟ್ ಲಿಸನರ್, ವೆಬ್‌ಸಾಕೆಟ್, ಪುಟಕ್ಕೆ ಸೇರಿಸಿದ ಡಿವ್, ಯಾವುದಕ್ಕಾದರೂ ಇದೇ ನಿಯಮ: ಮಾಡ್ಯೂಲ್ ಹೊರಗೆ ಏನನ್ನು ಕಟ್ಟಿತೋ ಅದನ್ನು ಡಿಸ್ಪೋಸ್‌ನಲ್ಲಿ ಬಿಚ್ಚಬೇಕು.

## ರಿಯಾಕ್ಟ್‌ನಲ್ಲಿ ಸ್ಟೇಟ್ ಯಾವಾಗ ಉಳಿಯುತ್ತದೆ

ರಿಯಾಕ್ಟ್‌ನಲ್ಲಿ ಈ ಆ್ಯಕ್ಸೆಪ್ಟ್ ಕೆಲಸವನ್ನೆಲ್ಲ ಫಾಸ್ಟ್ ರಿಫ್ರೆಶ್ ಅನ್ನುವ ಸೌಲಭ್ಯ ಮಾಡುತ್ತದೆ. 2019ರಲ್ಲಿ ರಿಯಾಕ್ಟ್ ನೇಟಿವ್ 0.61ರ ಜೊತೆ ಬಂದದ್ದು, ಆಮೇಲೆ ವೆಬ್‌ಗೂ ಬಂತು. ಅದಕ್ಕಿಂತ ಮುಂಚೆ ಡ್ಯಾನ್ ಅಬ್ರಮೋವ್ ಅವರ ರಿಯಾಕ್ಟ್ ಹಾಟ್ ಲೋಡರ್ ಇತ್ತು. ವೀಟ್‌ನ ರಿಯಾಕ್ಟ್ ಪ್ಲಗಿನ್ ಇದನ್ನು ತಾನೇ ಜೋಡಿಸಿಕೊಳ್ಳುತ್ತದೆ. ನೀವು ಏನೂ ಬರೆಯಬೇಕಿಲ್ಲ, ಆದರೆ ಅದರ ಷರತ್ತು ಗೊತ್ತಿರಬೇಕು. ಇಲ್ಲದಿದ್ದರೆ ಒಮ್ಮೆ ಸ್ಟೇಟ್ ಉಳಿಯುತ್ತದೆ, ಒಮ್ಮೆ ಹೋಗುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ.

ಯೂಸ್‌ಸ್ಟೇಟ್, ಯೂಸ್‌ಎಫೆಕ್ಟ್ ಥರದ ಫಂಕ್ಷನ್ನುಗಳಿಗೆ ರಿಯಾಕ್ಟ್‌ನಲ್ಲಿ ಹುಕ್ ಅನ್ನುತ್ತಾರೆ. ಫಂಕ್ಷನ್ ಕಾಂಪೊನೆಂಟಿನ ಹುಕ್‌ಗಳ ಸಾಲು ಅದೇ ಇದ್ದರೆ ಸ್ಟೇಟ್ ಉಳಿಯುತ್ತದೆ. ಹೊಸ ಯೂಸ್‌ಸ್ಟೇಟ್ ಸೇರಿಸಿದರೆ, ಕ್ರಮ ಬದಲಿಸಿದರೆ, ಅಥವಾ ಅದರ ಆರಂಭದ ಬೆಲೆ ತಿದ್ದಿದರೆ ಆ ಕಾಂಪೊನೆಂಟ್ ಹೊಸದಾಗಿ ಶುರು. ಕ್ಲಾಸ್ ಕಾಂಪೊನೆಂಟುಗಳಲ್ಲಿ ಯಾವಾಗಲೂ ಹೊಸದಾಗಿಯೇ ಶುರು. ಹೆಸರಿಲ್ಲದ ಆ್ಯರೋ ಫಂಕ್ಷನ್ನನ್ನು ಡಿಫಾಲ್ಟ್ ಎಕ್ಸ್‌ಪೋರ್ಟ್ ಮಾಡಿದರೂ ಸ್ಟೇಟ್ ಉಳಿಯುವುದಿಲ್ಲ. ಒಂದು ಹೆಸರು ಕೊಡಿ.

ನಾನು ನೋಡಿದ ಪ್ರಾಜೆಕ್ಟುಗಳಲ್ಲಿ ಜಾಸ್ತಿ ಕಾಟ ಕೊಡುವುದು ಮಾತ್ರ ಇದು: ಕಾಂಪೊನೆಂಟ್ ಇರುವ ಫೈಲಿನಿಂದಲೇ ಒಂದು ಸಹಾಯಕ ಫಂಕ್ಷನ್ನನ್ನೂ ಎಕ್ಸ್‌ಪೋರ್ಟ್ ಮಾಡಿರುತ್ತಾರೆ. ದಿನಾಂಕ ಜೋಡಿಸುವ ಫಂಕ್ಷನ್, ಒಂದು ಕಾಂಟೆಕ್ಸ್ಟ್, ಹೀಗೆ ಏನಾದರೂ. ಆಗ ಫಾಸ್ಟ್ ರಿಫ್ರೆಶ್ "ಈ ಫೈಲು ನನ್ನ ಕೈಲಾಗದು" ಅಂತ ಕೈಬಿಡುತ್ತದೆ, ಬದಲಾವಣೆ ಮೇಲಕ್ಕೆ ಹತ್ತುತ್ತದೆ, ಎಷ್ಟೋ ಸಲ ಪುಟವೇ ರಿಲೋಡ್ ಆಗುತ್ತದೆ. ನಮ್ಮ ಮೂರು ಹಂತದ ಫಾರ್ಮ್‌ನಲ್ಲೂ ವ್ಯಾಲಿಡೇಷನ್ ಫಂಕ್ಷನ್ ಅದೇ ಫೈಲಿನಿಂದ ಹೊರಗೆ ಹೋಗುತ್ತಿದ್ದರೆ ಬೇರೆ ಫೈಲಿಗೆ ಸಾಗಿಸಿ. ಓಟಿಪಿ ಮತ್ತೆ ಹೊಡೆಯುವ ಕೆಲಸ ತಪ್ಪುತ್ತದೆ.

ಯೂಸ್‌ಎಫೆಕ್ಟ್ ಬಗ್ಗೆಯೂ ಎಚ್ಚರ. ಡಿಪೆಂಡೆನ್ಸಿ ಪಟ್ಟಿ ಖಾಲಿ ಇದ್ದರೂ ರಿಫ್ರೆಶ್ ಆದಾಗ ಎಫೆಕ್ಟ್ ಮತ್ತೆ ಓಡುತ್ತದೆ. ಕ್ಲೀನಪ್ ಬರೆದಿರದಿದ್ದರೆ ಟೈಮರ್ ಕಥೆಯೇ ಇಲ್ಲೂ. ಬೇಕೆಂದೇ ಪ್ರತಿ ಸಲ ಹೊಸದಾಗಿ ಶುರುವಾಗಬೇಕು, ಉದಾಹರಣೆಗೆ ಒಂದು ಆ್ಯನಿಮೇಷನ್ ತಿದ್ದುತ್ತಿದ್ದೀರಿ ಅಂದರೆ, ಫೈಲಿನಲ್ಲಿ "@ರಿಫ್ರೆಶ್ ರೀಸೆಟ್" ಅಂತ ಒಂದು ಕಾಮೆಂಟ್ ಹಾಕಿ. ವ್ಯೂನಲ್ಲಿ ಲೆಕ್ಕ ಸರಳ: ಟೆಂಪ್ಲೇಟ್ ಮಾತ್ರ ತಿದ್ದಿದರೆ ಸ್ಟೇಟ್ ಉಳಿಯುತ್ತದೆ, ಸ್ಕ್ರಿಪ್ಟ್ ಭಾಗ ತಿದ್ದಿದರೆ ಹೋಗುತ್ತದೆ.

## ಸೇವ್ ಮಾಡಿದರೂ ಏನೂ ಆಗುತ್ತಿಲ್ಲವೇ

ಗೂಗಲ್ ಮಾಡುವ ಮುನ್ನ ಟರ್ಮಿನಲ್ ನೋಡಿ. ಸೇವ್ ಒತ್ತಿದಾಗ ಅಲ್ಲಿ ಒಂದು ಸಾಲೂ ಬರದಿದ್ದರೆ ಗಮನಿಸುವ ಕೊಂಡಿ ಕೆಟ್ಟಿದೆ. ಸಾಲು ಬಂದು ಬ್ರೌಸರಿನಲ್ಲಿ ಏನೂ ಆಗದಿದ್ದರೆ ತಿಳಿಸುವ ಕೊಂಡಿ. ಬ್ರೌಸರಿಗೆ ಸಂದೇಶ ಬಂದೂ ಹಳೆಯದೇ ಕಾಣುತ್ತಿದ್ದರೆ ಬದಲಿಸುವ ಕೊಂಡಿ.

ಗಮನಿಸುವ ಕೊಂಡಿಯ ಮೊದಲ ಶಂಕಿತ, ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಬಳಸುವವರ ಫೋಲ್ಡರ್. ಪ್ರಾಜೆಕ್ಟ್ "/ಎಂಎನ್‌ಟಿ/ಸಿ" ಕೆಳಗೆ ಇದ್ದರೆ ಫೈಲ್ ಬದಲಾದ ಸುದ್ದಿ ಲಿನಕ್ಸ್ ಕಡೆಗೆ ಬರುವುದೇ ಇಲ್ಲ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರಿಗೆ ಸಾಗಿಸಿ. ಅದಾಗದಿದ್ದರೆ, ಡಾಕರ್ ವಾಲ್ಯೂಮ್‌ನಲ್ಲೂ ಇದೇ ತೊಂದರೆ ಬಂದರೆ, ಪೋಲಿಂಗ್ ಇದೆ. ಸುದ್ದಿಗೆ ಕಾಯದೆ ಆಗಾಗ ತಾನೇ ಹೋಗಿ ಫೈಲು ನೋಡುವುದು. ವೀಟ್‌ನಲ್ಲಿ ಸರ್ವರ್.ವಾಚ್ ಕೆಳಗೆ ಯೂಸ್‌ಪೋಲಿಂಗ್ ಟ್ರೂ ಮಾಡಿ, ನೋಡ್‌ಮನ್‌ನಲ್ಲಿ --ಲೆಗಸಿ-ವಾಚ್. ಸಿಪಿಯು ತಿನ್ನುತ್ತದೆ, ಫ್ಯಾನ್ ಸದ್ದು ಮಾಡುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ.

ಲಿನಕ್ಸ್‌ನಲ್ಲಿ "ಫೈಲ್ ವಾಚರ್‌ಗಳ ಮಿತಿ ಮುಗಿದಿದೆ" ಅನ್ನುವ ಅರ್ಥದ ಎನೊಎಸ್‌ಪಿಸಿ ಎರರ್ ಬಂದರೆ ಡಿಸ್ಕ್ ತುಂಬಿದೆ ಅಂತ ಫೈಲ್ ಅಳಿಸಲು ಹೋಗಬೇಡಿ. ಕರ್ನಲ್‌ನ ಐನೋಟಿಫೈ ಮಿತಿ ಮುಗಿದಿದೆ. ಹಳೆಯ ಕರ್ನಲ್‌ಗಳಲ್ಲಿ ಈ ಮಿತಿ 8192 ಮಾತ್ರ ಇತ್ತು. 5.11ರಿಂದ ಮೆಮೊರಿ ನೋಡಿಕೊಂಡು ತಾನೇ ಹೆಚ್ಚುತ್ತದೆ. ಸಿಸ್‌ಸಿಟಿಎಲ್ ಮೂಲಕ ಮ್ಯಾಕ್ಸ್_ಯೂಸರ್_ವಾಚಸ್ ಬೆಲೆಯನ್ನು 524288ಕ್ಕೆ ಏರಿಸಿದರೆ ಸರಿಹೋಗುತ್ತದೆ. ಅದಕ್ಕೂ ಮುಂಚೆ, ನೋಡ್_ಮಾಡ್ಯೂಲ್ಸ್ ಫೋಲ್ಡರನ್ನು ಯಾವುದೋ ಟೂಲ್ ಸುಮ್ನೆ ಗಮನಿಸುತ್ತಿದೆಯಾ ನೋಡಿ.

ಟರ್ಮಿನಲ್‌ನಲ್ಲಿ ಸಾಲು ಬರುತ್ತಿದೆ, ಆದರೂ ಪುಟ ಪೂರ್ತಿ ರಿಲೋಡ್ ಆಗುತ್ತಿದೆ ಅಂದರೆ ತೀರ್ಮಾನದ ಕೊಂಡಿ ನೋಡಿ. ಎರಡು ಫೈಲುಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಂಡಿರಬಹುದು. ಇಂಪೋರ್ಟ್‌ನಲ್ಲಿ ಅಕ್ಷರ ತಪ್ಪಿರುವುದೂ ಉಂಟು. ಫೈಲಿನ ಹೆಸರು ದೊಡ್ಡಕ್ಷರದಲ್ಲಿ, ಇಂಪೋರ್ಟ್ ಚಿಕ್ಕಕ್ಷರದಲ್ಲಿ ಇದ್ದರೆ ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಪುಟವೇನೋ ತೆರೆಯುತ್ತದೆ, ಎಚ್‌ಎಂಆರ್ ಮಾತ್ರ ಕೈಕೊಡುತ್ತದೆ.

ತಿಳಿಸುವ ಕೊಂಡಿ ಸಾಮಾನ್ಯವಾಗಿ ಕೆಡುವುದು ನಡುವೆ ಪ್ರಾಕ್ಸಿ (ಬ್ರೌಸರ್ ಮತ್ತು ಸರ್ವರ್ ಮಧ್ಯೆ ಕೂತು ಸಂದೇಶ ದಾಟಿಸುವ ಸರ್ವರ್) ಇದ್ದಾಗ. ಎಂಜಿನ್‌ಎಕ್ಸ್ ಅನ್ನುವ ಪ್ರಾಕ್ಸಿ ಹಿಂದೆ ವೀಟ್ ಇದ್ದರೆ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರುಗಳನ್ನು ದಾಟಿಸಬೇಕು, ಇಲ್ಲದಿದ್ದರೆ ವೆಬ್‌ಸಾಕೆಟ್ ಏಳುವುದಿಲ್ಲ. ಹೊರಗಿನ ಪೋರ್ಟ್ ಬೇರೆ ಇದ್ದರೆ ಸರ್ವರ್.ಎಚ್‌ಎಂಆರ್ ಕೆಳಗೆ ಕ್ಲೈಂಟ್‌ಪೋರ್ಟ್ ಹೇಳಿ. ಬದಲಿಸುವ ಕೊಂಡಿಯಲ್ಲಿ ನಾನು ಮೊದಲು ನೋಡುವುದು ಸರ್ವಿಸ್ ವರ್ಕರ್, ಅಂದರೆ ಪುಟದ ಹಿನ್ನೆಲೆಯಲ್ಲಿ ಓಡುತ್ತಾ ಫೈಲುಗಳನ್ನು ಉಳಿಸಿಟ್ಟು ಕೊಡಬಲ್ಲ ಸ್ಕ್ರಿಪ್ಟ್. ಅದೇ ಪೋರ್ಟಿನಲ್ಲಿ ಹಿಂದೊಮ್ಮೆ ಓಡಿಸಿದ ಬೇರೆ ಪ್ರಾಜೆಕ್ಟಿನ ಸರ್ವಿಸ್ ವರ್ಕರ್ ಇನ್ನೂ ಕೂತು ಹಳೆಯ ಫೈಲು ಕೊಡುತ್ತಿರುತ್ತದೆ. ಡೆವ್‌ಟೂಲ್ಸ್‌ನ ಆ್ಯಪ್ಲಿಕೇಷನ್ ಟ್ಯಾಬಿನಿಂದ ಅದನ್ನು ಕಿತ್ತುಹಾಕಿ.

ಫೋನಿನಲ್ಲಿ ನೋಡಬೇಕಾದರೆ "ಎನ್‌ಪಿಎಂ ರನ್ ಡೆವ್ -- --ಹೋಸ್ಟ್" ಅಂದರೆ ವೈಫೈ ವಿಳಾಸ ತೋರಿಸುತ್ತದೆ, ಫೋನಿನಲ್ಲೂ ಎಚ್‌ಎಂಆರ್ ನಡೆಯುತ್ತದೆ. ಕಾಫಿ ಶಾಪಿನ ವೈಫೈಯಲ್ಲಿ ಇದನ್ನು ಮಾಡಬೇಡಿ. ಡೆವ್ ಸರ್ವರ್ ಹೊರಗಿನವರಿಗೆ ಅಂತ ಮಾಡಿದ್ದಲ್ಲ.

## ಕಮಿಟ್ ಮಾಡುವ ಮುನ್ನ

ಎಚ್‌ಎಂಆರ್ ಕೆಲವು ತಪ್ಪುಗಳನ್ನು ಮುಚ್ಚಿಡುತ್ತದೆ. ಬೆಳಗ್ಗೆಯಿಂದ ತೆರೆದಿಟ್ಟ ಪುಟದಲ್ಲಿ ಡೇಟಾ ಆಗಲೇ ಬಂದು ಕೂತಿರುತ್ತದೆ. ಡೇಟಾ ಇನ್ನೂ ಬಂದಿಲ್ಲದಾಗ ನಿಮ್ಮ ಹೊಸ ಕೋಡ್ ಒಡೆಯುತ್ತದೆಯಾ ಅಂತ ಅಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಕಮಿಟ್‌ಗೆ ಮುಂಚೆ ಒಂದು ಸಲ ಪೂರ್ತಿ ರಿಲೋಡ್ ಮಾಡಿ ಮೊದಲಿನಿಂದ ನಡೆದು ನೋಡಿ. ವೀಟ್ ಟೈಪ್‌ಸ್ಕ್ರಿಪ್ಟ್‌ನ ಟೈಪುಗಳನ್ನು ಪರೀಕ್ಷಿಸುವುದಿಲ್ಲ, ಟೈಪ್ ತಪ್ಪಿದ್ದರೂ ಪುಟ ಚೆನ್ನಾಗಿಯೇ ಬದಲಾಗುತ್ತದೆ. "ಟಿಎಸ್‌ಸಿ --ನೋಎಮಿಟ್" ಬೇರೆಯಾಗಿ ಓಡಿಸಿ. ಆಮೇಲೆ "ಎನ್‌ಪಿಎಂ ರನ್ ಬಿಲ್ಡ್", "ಎನ್‌ಪಿಎಂ ರನ್ ಪ್ರಿವ್ಯೂ". 4173ರಲ್ಲಿ ತೆರೆಯುವ ಪುಟವೇ ಬಳಕೆದಾರರಿಗೆ ಸಿಗುವ ಪುಟ.

ಕೈಯಾರೆ ಕಟ್ಟಿದ ಸರ್ವರ್ ಬಳಸುತ್ತಿದ್ದರೆ ಅದನ್ನು ನೋಡ್_ಎನ್ವ್ ಪ್ರೊಡಕ್ಷನ್ ಕೊಟ್ಟು ಒಮ್ಮೆ ಓಡಿಸಿ, ಪುಟದ ಸೋರ್ಸ್ ತೆರೆದು ಇವೆಂಟ್‌ಸೋರ್ಸ್ ಅಂತ ಹುಡುಕಿ. ಸಿಕ್ಕಿದರೆ ಐದನೇ ಹೆಜ್ಜೆಯ ಷರತ್ತು ತಪ್ಪಿದೆ, ಸರಿಮಾಡಿ.